ನಾನು ‘ಎ’ ಕೊಟ್ಟ ಅದಲುಬದಲು

ಐಸ್ ಹಾಕಿ ಎಂಬ ಆಟದ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ಕೋಪ ಬರಲಿಕ್ಕೆ ಮೊದಲು ಅದನ್ನು ನೋಡಿರಬೇಕಲ್ಲ? ಐಸ್ ಅಂದರೆ ನನಗೆ ಗೊತ್ತಿದ್ದದ್ದು ಮೀನಿನ ಪೆಟ್ಟಿಗೆಗೆ ತುಂಬುವ ಐಸ್, ಕಬ್ಬಿನ ಹಾಲಿಗೆ ಹಾಕುವ ಐಸ್, ಅಷ್ಟೇ. ಈಗ ಆ ಆಟದ ಹೆಸರು ಕೇಳಿದರೆ ಬಾಯಲ್ಲಿ ಹುಳಿನೀರು ಬರುತ್ತದೆ. ಇದರಲ್ಲಿ ಆಟದ ತಪ್ಪೇನಿಲ್ಲ. ಆಟಗಾರರನ್ನು ಕುರ್ಚಿಯಲ್ಲಿ ಕೂತು ತೂಗುವ ಒಂದು ಚಟ ಉಂಟು, ಅದು ನನಗೂ ಹತ್ತಿತು. ಹತ್ತಿದ ಮೇಲೆ ನಾನು ಮಾಡಿದ ಕೆಲಸಕ್ಕೆ ಅಸಹ್ಯ ಎಂಬುದಕ್ಕಿಂತ ಮೆತ್ತಗಿನ ಶಬ್ದ ನನ್ನ ಹತ್ತಿರ ಇಲ್ಲ.

ನಾನು ಬಹರೈನಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಎಸಿ ಮತ್ತು ಕೋಲ್ಡ್ ಸ್ಟೋರೇಜು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಎಚ್‌ಆರ್ ಎಂಬ ಬೋರ್ಡಿನ ಕೆಳಗೆ ಕೂರುತ್ತೇನೆ. ವೀಸಾ, ಸಿಪಿಆರ್ ಎಂಬ ಇಲ್ಲಿಯ ಗುರುತಿನ ಕಾರ್ಡು, ರಜೆ, ಊರಿಗೆ ಹೋಗುವವರ ಟಿಕೆಟು, ಊರಿನಿಂದ ಬರುವವರ ಮೆಡಿಕಲ್ಲು, ಎಲ್ಲ ನನ್ನ ಮೇಜು ದಾಟಿಯೇ ಹೋಗಬೇಕು. ಆರು ವರ್ಷದ ಹಿಂದೆ ನಮಗೆ ಹೊಸ ಮ್ಯಾನೇಜರ್ ಬಂದರು. ನಮ್ಮ ಕರಾವಳಿಯವರೇ, ಆದರೆ ಮಧ್ಯೆ ಬಹಳ ವರ್ಷ ಕೆನಡಾದಲ್ಲಿದ್ದು ಅಲ್ಲಿನ ಪಾಸ್‌ಪೋರ್ಟು ಮಾಡಿಸಿಕೊಂಡವರು. ಬಂದ ಮೊದಲ ವಾರವೇ ಎಲ್ಲರ ಫೈಲು ತರಿಸಿ ಓದಿದರು. ನನ್ನ ಫೈಲಿನಲ್ಲಿ, ಯಾವುದೋ ಕಾಲದಲ್ಲಿ ಬರೆದ ಬಯೋಡೇಟಾದ ಕೊನೆಯ ಸಾಲಿನಲ್ಲಿ, ‘ಹವ್ಯಾಸ: ಹಾಕಿ, ಜಿಲ್ಲಾ ಮಟ್ಟ’ ಎಂದಿತ್ತು.

“ಓಹೋ, ನೀವು ಹಾಕಿ ಮ್ಯಾನಾ? ಹೇಳ್ಲೇ ಇಲ್ಲ ಮಾರಾಯ್ರೆ!” ಅಂದರು.

ನಾನು ಹೌದು ಅಂದೆ. ಅದು ಸುಳ್ಳಲ್ಲ. ಹೈಸ್ಕೂಲಿನಲ್ಲಿರುವಾಗ ಜಲ್ಲಿಕಲ್ಲಿನ ಮೈದಾನದಲ್ಲಿ, ಮುರಿದು ತಂತಿ ಸುತ್ತಿದ ಸ್ಟಿಕ್ಕು ಹಿಡಿದು ಹಾಫ್‌ಬ್ಯಾಕ್ ಆಡಿದವನು ನಾನು. ಒಂದು ಸಲ ಜಿಲ್ಲಾ ತಂಡಕ್ಕೂ ಆಯ್ಕೆಯಾಗಿದ್ದೆ. ಮೊದಲ ಪಂದ್ಯದಲ್ಲೇ ಆರು ಗೋಲು ತಿಂದು, ಸಂಜೆಯ ಬಸ್ಸಿಗೆ ವಾಪಸು ಬಂದಿದ್ದೆವು. ಮ್ಯಾನೇಜರ್ ಹೇಳಿದ ಹಾಕಿ ಬೇರೆಯೇ ಎಂದು ಗೊತ್ತಾದದ್ದು ಅವರು ಫೋನಿನಲ್ಲಿ ವಿಡಿಯೋ ತೋರಿಸಿದಾಗ. ಹೆಲ್ಮೆಟ್ಟಿನ ದೈತ್ಯರು ಬಿಳಿ ನೆಲದ ಮೇಲೆ ಜಾರಿಕೊಂಡು ಬಂದು ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುತ್ತಿದ್ದರು. ಆಗಲೇ ಹೇಳಬಹುದಿತ್ತು, ಸರ್, ನಮ್ಮದು ಮಣ್ಣಿನ ಮೇಲಿನ ಆಟ, ನಿಮ್ಮದು ಬೇರೆ ಎಂದು. ಹೇಳಲಿಲ್ಲ. ಹೊಸ ಮ್ಯಾನೇಜರ್ ನನ್ನ ಕಡೆ ನೋಡಿ ನಗುತ್ತಿದ್ದರು, ಪಕ್ಕದ ಮೇಜಿನವರು ಹೊಟ್ಟೆ ಉರಿದುಕೊಂಡು ನೋಡುತ್ತಿದ್ದರು. “ಒಳ್ಳೆ ಸ್ಪೀಡ್ ಉಂಟು ಸರ್” ಅಂದೆ. ನನ್ನ ಹಾಳು ಬಾಯಿ.

ಅವರಿಗೆ ಆಟಕ್ಕಿಂತ ಆಟಗಾರರ ಅದಲುಬದಲಿನ ಹುಚ್ಚು ಜಾಸ್ತಿ. ಅಲ್ಲಿಯ ವೃತ್ತಿಪರ ತಂಡಗಳು ಆಟಗಾರರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕೊಟ್ಟು ತೆಗೆದುಕೊಳ್ಳುತ್ತವೆ. ಅದಕ್ಕೆ ಟ್ರೇಡ್ ಅನ್ನುತ್ತಾರೆ. ಒಬ್ಬನನ್ನು ಕೊಟ್ಟು ಇಬ್ಬರನ್ನು ತರುವುದು, ಇಬ್ಬರನ್ನು ಕೊಟ್ಟು ಇನ್ನೂ ಮೀಸೆ ಬಾರದ ಯಾವನೋ ಹುಡುಗನನ್ನು ಮುಂದಿನ ವರ್ಷ ಆರಿಸಿಕೊಳ್ಳುವ ಹಕ್ಕು ತರುವುದು, ಹೀಗೆ. ಬೆಳಿಗ್ಗೆ ಒಂದು ತಂಡದ ಅಂಗಿ ತೊಟ್ಟು ಅಭ್ಯಾಸಕ್ಕೆ ಹೋದವನಿಗೆ ಮಧ್ಯಾಹ್ನ ಫೋನು ಬರುತ್ತದೆ, ನೀನಿನ್ನು ಇಲ್ಲಿಯವನಲ್ಲ, ವಿಮಾನ ಹತ್ತು ಎಂದು. ಹೆಂಡತಿ ಮಕ್ಕಳು ಪಾತ್ರೆಪಗಡ ಕಟ್ಟಿಕೊಂಡು ಹಿಂದಿನಿಂದ ಬರಬೇಕು. ಇತ್ತ ಪತ್ರಿಕೆಯವರು, ಟಿವಿಯವರು, ಸೋಫಾದ ಮೇಲೆ ಚಿಪ್ಸ್ ತಿನ್ನುವವರು ಎಲ್ಲ ಸೇರಿ ಆ ಟ್ರೇಡಿಗೆ ಶಾಲೆಯ ಮೇಷ್ಟ್ರುಗಳ ಹಾಗೆ ಗ್ರೇಡು ಕೊಡುತ್ತಾರೆ. ಎ, ಬಿ ಪ್ಲಸ್, ಸಿ, ಫೇಲು. ಯಾವ ತಂಡ ಗೆದ್ದಿತು, ಯಾವ ತಂಡ ಟೋಪಿ ಹಾಕಿಸಿಕೊಂಡಿತು ಎಂಬ ತೀರ್ಪು ಸಂಜೆಯೊಳಗೆ ತಯಾರು.

ನಮ್ಮ ಆಫೀಸಿನಲ್ಲೂ ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ, ಕರಕ್ ಎಂಬ ಇಲ್ಲಿಯ ಗಟ್ಟಿ ಚಹಾ ಬರುವ ಹೊತ್ತಿಗೆ, ಈ ಪಂಚಾಯ್ತಿಕೆ ಶುರುವಾಯಿತು. ಮ್ಯಾನೇಜರ್ ಯಾವುದಾದರೊಂದು ಟ್ರೇಡನ್ನು ಪ್ರಿಂಟ್ ತೆಗೆದು, ಆಟಗಾರರ ಹೆಸರಿನ ಮೇಲೆ ಹಳದಿ ಅಂಟುಚೀಟಿ ಹಚ್ಚಿ ನಮ್ಮ ನಾಲ್ಕೈದು ಜನರ ಮುಂದಿಡುತ್ತಿದ್ದರು. ಹೆಸರು ಕಂಡರೆ ಮನಸ್ಸು ವಾಲುತ್ತದೆ, ಹೆಸರಿಲ್ಲದೆ ನೋಡಿದರೆ ಮಾತ್ರ ಸರಿಯಾದ ತೀರ್ಪು ಬರುತ್ತದೆ ಎಂಬುದು ಅವರ ಸಿದ್ಧಾಂತ. ಚೀಟಿಯ ಪಕ್ಕದಲ್ಲಿ ವಯಸ್ಸು, ಆಡಿದ ವರ್ಷ, ಹೊಡೆದ ಗೋಲು, ಆದ ಗಾಯ, ಒಪ್ಪಂದ ಮುಗಿಯಲಿಕ್ಕೆ ಎಷ್ಟು ಕಾಲ ಎಂದು ಇರುತ್ತಿತ್ತು. ನಾವು ಕೆಳಗೆ ಗ್ರೇಡು ಬರೆದು, ಎರಡು ಸಾಲು ಕಾರಣ ಕೊಟ್ಟು, ಸಹಿ ಹಾಕಬೇಕು. ಆಮೇಲೆ ಅವರು ಚೀಟಿ ಎತ್ತಿ ಹೆಸರು ತೋರಿಸುತ್ತಿದ್ದರು. ಚೀಟಿ ಮತ್ತೆ ಹಚ್ಚಿ ಹಾಳೆಯನ್ನು ಫೈಲಿಗೆ ಸೇರಿಸುತ್ತಿದ್ದರು. ಮೂರು ವರ್ಷ ಕಳೆದ ಮೇಲೆ ಅದೇ ಹಾಳೆ ತೆಗೆದು ಇನ್ನೊಮ್ಮೆ ತೀರ್ಪು ಮಾಡಬೇಕು, ಯಾರ ಕಣ್ಣು ಸೂಕ್ಷ್ಮ ಎಂದು ಆಗಲೇ ಗೊತ್ತಾಗುವುದು ಅನ್ನುತ್ತಿದ್ದರು.

ಉಳಿದವರು ಚಹಾ ಮುಗಿಯುವ ತನಕ ಹೂಂಗುಟ್ಟಿ ಎದ್ದು ಹೋಗುತ್ತಿದ್ದರು. ನಾನು ಮಾತ್ರ ಇದರಲ್ಲಿ ಪಳಗಿದೆ. ಹಾಕಿ ಮ್ಯಾನ್ ಎಂಬ ಬಿರುದು ಉಳಿಸಿಕೊಳ್ಳಬೇಕಿತ್ತಲ್ಲ! ಮಧ್ಯಾಹ್ನ ಊಟದ ಹೊತ್ತಿಗೆ ಫೋನಿನಲ್ಲಿ ಹಳೆಯ ಟ್ರೇಡುಗಳ ಚರಿತ್ರೆ ಓದುತ್ತಿದ್ದೆ. ಚೆಂಡಿನ ಬದಲು ಇರುವ ಪಕ್ ಎಂಬ ಕರಿ ಬಿಲ್ಲೆ ಎಲ್ಲಿ ಹೋಗುತ್ತಿದೆ ಎಂದು ವಿಡಿಯೋದಲ್ಲಿ ನನ್ನ ಕಣ್ಣಿಗೆ ಇವತ್ತಿಗೂ ಕಾಣುವುದಿಲ್ಲ, ಆದರೆ ಮೂವತ್ತು ದಾಟಿದ ರಕ್ಷಣೆಯ ಆಟಗಾರನನ್ನು ಯಾವಾಗ ಕೈಬಿಡಬೇಕು ಎಂದು ಹೇಳಬಲ್ಲೆ. ಹೆಸರಿರುವಾಗಲೇ ಕೊಟ್ಟುಬಿಡಬೇಕು. ಗಾಯ ಹೊರಗೆ ಗೊತ್ತಾಗುವ ಮೊದಲೇ ಕೊಡಬೇಕು. ತಂಡಕ್ಕೆ ಬಹಳ ವರ್ಷ ದುಡಿದಿದ್ದಾನೆ ಎಂಬುದಕ್ಕೆ ಒಂದು ಮಾರ್ಕೂ ಕೊಡಬಾರದು. ಹೀಗೆ ಮೂರು ಸೂತ್ರ ಮಾಡಿಕೊಂಡು ಗುರುವಾರ ಗುರುವಾರ ಉದುರಿಸುತ್ತಿದ್ದೆ. ಮ್ಯಾನೇಜರ್ ಮೇಜು ಕುಟ್ಟಿ, “ಇದು ನೋಡಿ ಅನಾಲಿಸಿಸ್” ಅನ್ನುತ್ತಿದ್ದರು. ಆ ಕುಟ್ಟುವ ಶಬ್ದ ಕೇಳಲಿಕ್ಕೆ ನಾನು ಬುಧವಾರದಿಂದಲೇ ಕಾಯುತ್ತಿದ್ದೆ ಎಂದು ಹೇಳಲಿಕ್ಕೆ ಈಗ ನಾಚಿಕೆಯಾಗುತ್ತದೆ.

ಒಂದು ಗುರುವಾರ ಮನೆಯಲ್ಲಿ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಸಿಂಕಿನ ಹತ್ತಿರ ಮೀನು ಸರಿಮಾಡುತ್ತಿದ್ದಳು.

“ಮನುಷ್ಯರನ್ನು ಬಂಗುಡೆ ಹಾಗೆ ಕಿವಿರು ಎತ್ತಿ ನೋಡ್ತೀರಲ್ಲ, ನಾಚಿಕೆ ಆಗುದಿಲ್ವಾ?” ಅಂದಳು.

“ಅವರಿಗೆ ಕೋಟಿಗಟ್ಟಲೆ ಕೊಡ್ತಾರೆ ಮಾರಾಯ್ತಿ” ಅಂದೆ. ಅವಳು ಇನ್ನೊಂದು ಬಂಗುಡೆಯ ಕಿವಿರು ಎತ್ತಿದಳು.

ಈಗ ನನ್ನ ಗೆಳೆಯನ ವಿಷಯ ಹೇಳಬೇಕು. ಅವನು ನಮ್ಮ ಕಂಪನಿಯ ಅತಿ ಹಳೆಯ ಟೆಕ್ನಿಷಿಯನ್. ಬಂಟ್ವಾಳದ ಕಡೆಯವನು, ಮನೆಮಾತು ಬ್ಯಾರಿ. ನನ್ನದು ತುಳು. ತಮಾಷೆ ತುಳುವಿನಲ್ಲಿ, ಜಗಳ ಕನ್ನಡದಲ್ಲಿ ಎಂದು ನಮ್ಮಲ್ಲಿ ಒಂದು ಏರ್ಪಾಡಿತ್ತು. ಮಾಹೂಝ್ ಎಂಬ ಬಡಾವಣೆಯಲ್ಲಿ ಕಂಪನಿ ಹಿಡಿದ ಕಟ್ಟಡದಲ್ಲಿ ನಮ್ಮದು ಎರಡನೇ ಮಹಡಿ, ಅವರದು ನಾಲ್ಕನೆಯದು. ನಾನು ಮೊದಲ ಸಲ ಬಂದಿಳಿದ ದಿವಸ ಏರ್‌ಪೋರ್ಟಿಗೆ ಪಿಕಪ್ ತಂದವನು ಅವನು. ನನ್ನ ಹೆಂಡತಿಗೆ ಹೆರಿಗೆಯಾದಾಗ ಹದಿನೈದು ದಿವಸ ನಮಗೆ ಊಟ ಬಂದದ್ದು ನಾಲ್ಕನೇ ಮಹಡಿಯಿಂದ. ಕೆಲಸದಲ್ಲಿ ಅವನಿಗೆ ಅವನೇ ಸಾಟಿ. ಮಾಡಿನ ಮೇಲಿನ ಯೂನಿಟ್ಟಿಗೆ ಕಿವಿ ಕೊಟ್ಟು, ಎಲ್ಲಿ ಕೆಟ್ಟಿದೆ ಎಂದು ಶಬ್ದದಲ್ಲೇ ಹೇಳುತ್ತಿದ್ದ.

ಗುರುವಾರದ ಪಂಚಾಯ್ತಿಕೆಗೆ ವರ್ಕ್‌ಶಾಪಿನವರಿಗೆ ಆಹ್ವಾನ ಇರಲಿಲ್ಲ. ಅವನು ಮಧ್ಯಾಹ್ನ ಜಾಬ್‌ಕಾರ್ಡು ಕೊಡಲಿಕ್ಕೆ ಬಂದಾಗ ನನ್ನ ಮೇಜಿಗೆ ಒರಗಿ ಕೇಳುತ್ತಿದ್ದ, “ಇವತ್ತು ಯಾರನ್ನು ಮಾರಿದ್ರಿ ಮಾರಾಯ?” ಎಂದು. ನಾನು ಅವತ್ತಿನ ಟ್ರೇಡ್ ಹೇಳುತ್ತಿದ್ದೆ. ಅವನು ನಕ್ಕು, “ಪಾಪ, ಅವನ ಫ್ರಿಜ್ಜಿನಲ್ಲಿ ನಿನ್ನೆಯ ಸಾರು ಇನ್ನೂ ಉಂಟೋ ಏನೋ” ಅಂದು ಹೋಗುತ್ತಿದ್ದ.

ಒಮ್ಮೆ ಮ್ಯಾನೇಜರ್ ಇಡೀ ಆಫೀಸನ್ನು ಇಲ್ಲಿಯ ಒಂದು ಐಸ್ ರಿಂಕಿಗೆ ಕರೆದುಕೊಂಡು ಹೋದರು. ಹೊರಗೆ ಟಾರು ಕರಗುವ ಬಿಸಿಲು, ಒಳಗೆ ಬಾಯಿಂದ ಹೊಗೆ ಬರುವ ಚಳಿ. ಅವರು ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿದರು. ಹಾಕಿ ಮ್ಯಾನ್ ಆದ ನಾನು ಶೂ ಕಟ್ಟಿಕೊಂಡು ಮೂರು ಹೆಜ್ಜೆ ಇಟ್ಟು ಮಕಾಡೆ ಬಿದ್ದೆ. ಎಲ್ಲರೂ ಫೋನು ತೆಗೆದರು. ನನ್ನ ಗೆಳೆಯ ಒಬ್ಬನೇ ಬಂದು, ತೋಳು ಹಿಡಿದು ಎಬ್ಬಿಸಿ, ಕಟ್ಟೆಯ ತನಕ ನಡೆಸಿಕೊಂಡು ಹೋದ. ಹಾಗೆ ಎಬ್ಬಿಸುವಾಗ ಅವನ ಮುಖ ಕಿವುಚಿತು. ಪಾರ್ಕಿಂಗಿನಲ್ಲಿ ನನ್ನ ಕಾರಿಗೆ ಒರಗಿ ನಿಂತು ಹೇಳಿದ, “ಬಲದ ಮೊಣಕಾಲು ಹೋಗಿದೆ ಮಾರಾಯ. ಏಣಿ ಇಳಿಯುವಾಗ ಜೀವ ಹೋಗ್ತದೆ. ಹತ್ತುವಾಗ ನೋವಾಗುದಿಲ್ಲ, ಇಳಿಯುವಾಗಲೇ. ಯಾರಿಗೂ ಹೇಳ್ಬೇಡ, ಆಯ್ತಾ? ಮಗಳದ್ದು ಟ್ವೆಲ್ತ್ ಮುಗಿಯುವವರೆಗೆ ಹೇಗಾದ್ರೂ ದೂಡ್ಬೇಕು.”

“ನಾನು ಯಾರಿಗೆ ಹೇಳ್ಲಿ?” ಅಂದೆ.

ಅದಾಗಿ ಕೆಲವು ತಿಂಗಳಿಗೆ, ಅಕ್ಟೋಬರದ ಒಂದು ಗುರುವಾರ, ಮ್ಯಾನೇಜರ್ ಇಟ್ಟ ಹಾಳೆಯಲ್ಲಿ ಪ್ರಿಂಟ್ ಇರಲಿಲ್ಲ. ಅವರ ಕೈಬರಹದಲ್ಲೇ ಬರೆದಿತ್ತು. ಅವತ್ತು ಉಳಿದವರನ್ನು ಕರೆದಿರಲಿಲ್ಲ, ನಾನೊಬ್ಬನೇ. “ಇದು ಒಂದು ಎಕ್ಸರ್‌ಸೈಜು, ಸುಮ್ಮನೆ” ಅಂದರು. ಒಂದು ಕಡೆ ಒಂದು ಹಳದಿ ಚೀಟಿ, ಇನ್ನೊಂದು ಕಡೆ ಎರಡು. ಒಂದೇ ಚೀಟಿ ಇದ್ದ ಕಡೆ ಬರೆದಿತ್ತು: ವಯಸ್ಸು ಐವತ್ತೊಂದು. ಅನುಭವ ಇಪ್ಪತ್ತನಾಲ್ಕು ವರ್ಷ. ಕೌಶಲ ಉತ್ತಮ. ಕುಟುಂಬದ ವೀಸಾ, ಕಂಪನಿಯ ಮನೆ. ದೈಹಿಕ ಸ್ಥಿತಿ ಸರಿ. ಆ ಕಡೆ ಎರಡು ಚೀಟಿಯವರಿಗೆ ಇಪ್ಪತ್ತಾರು, ಇಪ್ಪತ್ತೊಂಬತ್ತು ವರ್ಷ, ಒಂಟಿ, ಲೇಬರ್ ಕ್ಯಾಂಪಿನ ವಾಸ.

ಐವತ್ತೊಂದು ವರ್ಷದವನು ಐಸ್ ಹಾಕಿ ಆಡುವುದಿಲ್ಲ ಎಂದು ತಿಳಿಯಲಿಕ್ಕೆ ಹಾಕಿ ಮ್ಯಾನ್ ಆಗಬೇಕಾಗಿಲ್ಲ. ಎರಡನೇ ಸಾಲು ಓದುವಾಗಲೇ ನನಗೆ ಚೀಟಿಯ ಕೆಳಗಿನ ಹೆಸರು ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಲಿಕ್ಕೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ. ಗೊತ್ತಾಯಿತು. ಗೊತ್ತಾದ ಮೇಲೆ ಪೆನ್ನು ಕೆಳಗಿಡಬೇಕಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ, ಸತ್ಯವಾಗಿ, ಆ ಹಾಳೆಯಲ್ಲಿ ಒಂದು ತಪ್ಪಿದೆಯಲ್ಲ ಎಂಬುದು ಮಾತ್ರ ಇತ್ತು. ‘ದೈಹಿಕ ಸ್ಥಿತಿ ಸರಿ’ ಎಂದು ಬರೆದಿದ್ದಾರೆ, ಅದು ಸರಿಯಿಲ್ಲ. ಗೊತ್ತಿಲ್ಲದ್ದು ಅವರಿಗೆ, ಗೊತ್ತಿರುವುದು ನನಗೆ. ಬಚ್ಚಿಟ್ಟ ಗಾಯ ಕಂಡುಹಿಡಿಯುವವನೇ ದೊಡ್ಡ ಪಂಡಿತ ಎಂದು ಎಷ್ಟು ಗುರುವಾರ ಕೇಳಿಸಿಕೊಂಡಿರಲಿಲ್ಲ! ಕೈ ತಾನಾಗಿ ಬರೆಯಿತು ಅಂದರೆ ಸುಳ್ಳಾಗುತ್ತದೆ. ನಾನೇ ಯೋಚಿಸಿ, ಅಕ್ಷರ ದುಂಡಗೆ ಮಾಡಿ ಬರೆದೆ: ‘ಒಳ್ಳೆಯ ಟ್ರೇಡ್. ಗ್ರೇಡ್ ಎ. ಬಲ ಮೊಣಕಾಲು ಸರಿಯಿಲ್ಲ, ಏಣಿ ಇಳಿಯುವುದು ಕಷ್ಟ. ಹೊರಗೆ ಗೊತ್ತಾಗುವ ಮೊದಲೇ ಕೊಡುವುದು ಉತ್ತಮ.’ ಕೆಳಗೆ ಸಹಿ ಹಾಕಿದೆ.

ಮ್ಯಾನೇಜರ್ ಓದಿದರು. ಮೇಜು ಕುಟ್ಟಲಿಲ್ಲ. “ಹೌದಾ?” ಅಂದರು ಅಷ್ಟೇ. ಚೀಟಿ ಎತ್ತಿ ಹೆಸರನ್ನೂ ತೋರಿಸಲಿಲ್ಲ. ಹಾಳೆ ಮಡಚದೆ ಫೈಲಿಗೆ ಸೇರಿಸಿದರು.

ಅವತ್ತು ಮಧ್ಯಾಹ್ನವೂ ಅವನು ಜಾಬ್‌ಕಾರ್ಡು ತಂದ. ಮೇಜಿಗೆ ಒರಗಿ ಕೇಳಿದ, “ಇವತ್ತು ಯಾರನ್ನು ಮಾರಿದ್ರಿ ಮಾರಾಯ?”

“ಇವತ್ತು ಇರ್ಲಿಲ್ಲ” ಅಂದೆ.

“ರಜೆಯಾ? ಒಳ್ಳೇದಾಯ್ತು, ಒಬ್ಬ ಬಚಾವಾದ” ಅಂದು ನಕ್ಕು ಹೋದ. ಬಾಗಿಲ ಹತ್ತಿರ ಎರಡು ಮೆಟ್ಟಿಲು ಉಂಟು. ಅವನು ಗೋಡೆ ಹಿಡಿದು ಇಳಿದ. ನಾನು ಕಂಪ್ಯೂಟರ್ ನೋಡಿದೆ.

ಮುಂದಿನ ವಾರವೇ ವಿಷಯ ಹೊರಗೆ ಬಂತು. ಬುದಯ್ಯದ ಕಡೆ ತೋಟಗಳ ಕೋಲ್ಡ್ ರೂಮು, ಕಾಂಪೌಂಡಿನ ವಿಲ್ಲಾಗಳ ಎಸಿ ನೋಡಿಕೊಳ್ಳುವ ಒಂದು ಚಿಕ್ಕ ಕಂಪನಿ, ನಮ್ಮ ಮ್ಯಾನೇಜರರ ಸ್ನೇಹಿತರದ್ದು. ಅವರಿಗೆ ಒಬ್ಬ ಅನುಭವಸ್ಥ ಬೇಕಾಗಿದ್ದ. ನಮಗೆ ಇಬ್ಬರು ಕಸುವುಳ್ಳವರು ಸಿಗುತ್ತಿದ್ದರು. ನನ್ನ ಗೆಳೆಯನನ್ನು ಒಳಗೆ ಕರೆದು ಹೇಳಿದರಂತೆ, ಒಪ್ಪಂದ ಈ ತಿಂಗಳಿಗೆ ಮುಗಿಯುತ್ತದೆ, ಅಲ್ಲಿಗೆ ಟ್ರಾನ್ಸ್‌ಫರ್ ಆದರೆ ಕೆಲಸ ಉಂಟು, ಬೇಡವಾದರೆ ಊರಿನ ಟಿಕೆಟ್ಟು ಉಂಟು ಎಂದು. ಅಲ್ಲಿ ಕಂಪನಿಯ ಮನೆ ಇಲ್ಲ. ಮಾಹೂಝಿನ ನಾಲ್ಕನೇ ಮಹಡಿ ಖಾಲಿ ಮಾಡಬೇಕು. ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು, ಪರೀಕ್ಷೆಗೆ ಐದು ತಿಂಗಳು. ಆಗ ಊರಿಗೆ ಹೋದರೆ ಅವಳ ಒಂದು ವರ್ಷ ಮಣ್ಣು.

ಅವನು ನೇರ ನನ್ನ ಹತ್ತಿರ ಬಂದ. ಕುರ್ಚಿ ಎಳೆದು ಕೂತ, ಯಾವತ್ತೂ ಕೂರದವನು. “ನೀನೊಂದು ಮಾತು ಹೇಳು ಮಾರಾಯ. ಮಾರ್ಚ್‌ವರೆಗೆ ಸಾಕು. ಆಮೇಲೆ ಎಲ್ಲಿಗೆ ಬೇಕಾದ್ರೂ ದೂಡ್ಲಿ. ನಿನ್ನ ಮಾತು ಕೇಳ್ತಾರೆ ಅವರು.”

ನಾನು ಎದ್ದು ಮ್ಯಾನೇಜರರ ಕೋಣೆಗೆ ಹೋದೆ. ಮಾರ್ಚಿನವರೆಗೆ ಬಿಡಬಹುದಾ ಸರ್ ಎಂದು ಕೇಳಿದೆ.

“ನೀವೇ ಎ ಕೊಟ್ಟದ್ದಲ್ವಾ?” ಅಂದರು. ಅವರ ದನಿಯಲ್ಲಿ ವ್ಯಂಗ್ಯ ಕೂಡ ಇರಲಿಲ್ಲ, ಆಶ್ಚರ್ಯವಿತ್ತು. “ಮೊಣಕಾಲಿನ ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ನಾನು ಡೌಟಲ್ಲಿದ್ದೆ ಮಾರಾಯ್ರೆ, ಇಡ್ಬೇಕಾ ಕೊಡ್ಬೇಕಾ ಅಂತ. ನೀವು ಬರ್ದದ್ದು ನೋಡಿ ಕ್ಲಿಯರ್ ಆಯ್ತು. ಏಣಿಯಿಂದ ಬಿದ್ರೆ ನಾಳೆ ನಮ್ಮ ತಲೆಗೇ ಅಲ್ವಾ?”

ನಾನು ನಿಂತು ವಾದಿಸಲಿಲ್ಲ. ಅವರ ಮೇಜಿನ ಮೇಲೆ ಒಂದು ಪುಟ್ಟ ಹಾಕಿ ಸ್ಟಿಕ್ಕು ಸ್ಟ್ಯಾಂಡಿನ ಮೇಲಿತ್ತು, ಅದನ್ನು ನೋಡಿಕೊಂಡು ಒಂದು ನಿಮಿಷ ನಿಂತು ಹೊರಗೆ ಬಂದೆ. “ಹೇಳಿ ನೋಡಿದೆ, ಆಗ್ಲಿಲ್ಲ” ಅಂದೆ ಅವನಿಗೆ. ಅವನು ತಲೆಯಾಡಿಸಿ, “ನೀನು ಹೇಳಿದ್ದೇ ದೊಡ್ಡದು” ಅಂದ. ಆ ಟ್ರಾನ್ಸ್‌ಫರಿನ ಕಾಗದ ಟೈಪು ಮಾಡಿದ್ದೂ ನಾನೇ, ಅದು ನನ್ನ ಕೆಲಸ. ಸಹಿ ಹಾಕಿಸಿದ್ದು ಮಾತ್ರ ಮ್ಯಾನೇಜರ್, ಬಾಗಿಲು ಮುಚ್ಚಿ. ಹೊರಗೆ ಬಂದಾಗ ಅವನು ನನ್ನ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತ. ಒಳಗೆ ಏನೆಲ್ಲ ಮಾತಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳಲಿಲ್ಲವೆಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಸಮಾಧಾನ ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ.

ಅವರು ಹಮದ್ ಟೌನಿನಲ್ಲಿ ಯಾರದೋ ಮನೆಯ ಹಿಂಬದಿಯ ಎರಡು ಕೋಣೆ ಹಿಡಿದರು. ಸಾಮಾನು ಸಾಗಿಸಲಿಕ್ಕೆ ನಾನೂ ಹೋದೆ. ಅವನ ಹೆಂಡತಿ ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದರು. ನನ್ನ ಮುಖ ನೋಡಿ, “ನಿಮ್ಗೂ ತೊಂದ್ರೆ ಆಯ್ತು ಅಣ್ಣ” ಅಂದರು. ಫ್ರಿಜ್ಜು ಎತ್ತುವ ಮೊದಲು ಅದರೊಳಗಿಂದ ಒಂದು ಸಾರಿನ ಪಾತ್ರೆ ಹೊರಗೆ ತೆಗೆದಿಟ್ಟರು. ನಾನು ಕಾರಿಡಾರಿಗೆ ಹೋಗಿ ನಿಂತೆ.

ಹೊಸ ಕಂಪನಿಯ ಪಿಕಪ್ಪು ಬೆಳಿಗ್ಗೆ ಐದಕ್ಕೇ ಅವನನ್ನು ಬುದಯ್ಯಕ್ಕೆ ಕರೆದೊಯ್ಯುತ್ತಿತ್ತು. ಅವನಿಗೆ ಸ್ವಂತ ಕಾರಿರಲಿಲ್ಲ, ಮಾಹೂಝಿನಲ್ಲಿ ಕಂಪನಿ ಗಾಡಿಯೇ ಎಲ್ಲಕ್ಕೂ ಆಗುತ್ತಿತ್ತು. ವರ್ಷದ ನಡುವೆ ಆ ಕಡೆಯ ಶಾಲೆ ಬಸ್ಸಿನಲ್ಲಿ ಜಾಗ ಇಲ್ಲ ಎಂದರು. ಹುಡುಗಿಯನ್ನು ನಾನು ಬಿಡುತ್ತೇನೆ ಎಂದು ನಾನೇ ಹೇಳಿದೆ. ಅವನು “ಆಯ್ತು” ಅಂದ.

ಹಾಗೆ ಐದು ತಿಂಗಳು, ಬೆಳಿಗ್ಗೆ ಮಾಹೂಝಿನಿಂದ ಹಮದ್ ಟೌನಿಗೆ, ಅಲ್ಲಿಂದ ಶಾಲೆಗೆ, ಅಲ್ಲಿಂದ ಆಫೀಸಿಗೆ. ಅವರ ಮನೆ ಹತ್ತನೇ ರೌಂಡ್‌ಎಬೌಟ್ ದಾಟಿ ಎರಡನೇ ಗಲ್ಲಿ. ಹುಡುಗಿ ಹಿಂದಿನ ಸೀಟಿನಲ್ಲಿ ಕೂತು ಕೆಮಿಸ್ಟ್ರಿ ಬಾಯಿಪಾಠ ಮಾಡುತ್ತಿದ್ದಳು. ದಿನಾ ಇಳಿಯುವಾಗ “ಥ್ಯಾಂಕ್ಯೂ ಅಂಕಲ್” ಅನ್ನುತ್ತಿದ್ದಳು. ಹತ್ತುವಾಗ ಅವಳ ಕೈಯಲ್ಲಿ ನನಗೊಂದು ಸ್ಟೀಲಿನ ಡಬ್ಬಿ ಇರುತ್ತಿತ್ತು. ಅಮ್ಮ ಕೊಟ್ಟದ್ದು ಅನ್ನುತ್ತಿದ್ದಳು. ಬಿಸಿ ಅಕ್ಕಿರೊಟ್ಟಿ, ಒಂದು ಮೂಲೆಯಲ್ಲಿ ಸಿಗಡಿ ಚಟ್ನಿ. ಅವಳನ್ನು ಬಿಟ್ಟ ಮೇಲೆ ಶಾಲೆಯ ಗೋಡೆಯ ಬದಿಯಲ್ಲಿ ಕಾರು ನಿಲ್ಲಿಸಿ ತಿನ್ನುತ್ತಿದ್ದೆ. ಇಷ್ಟು ಮಾಡುತ್ತಿದ್ದೇನಲ್ಲ, ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಗುತ್ತದೆ ಅಂ‌ದುಕೊಂಡು ತಿನ್ನುತ್ತಿದ್ದೆ.

ಹುಡುಗಿ ಪಾಸಾದಳು, ಚೆನ್ನಾಗಿಯೇ. ತಾಯಿ ಮಗಳು ಊರಿಗೆ ಹೋದರು. ಅವನು ಇನ್ನೂ ಒಂದು ವರ್ಷ ಒಬ್ಬನೇ ಇದ್ದ. ಆಮೇಲೆ ಮೊಣಕಾಲು ಪೂರ್ತಿ ಕೈಕೊಟ್ಟು ಅವನೂ ಊರಿಗೆ ಹೋದ. ಆಪರೇಷನ್ ಮಾಡಿಸಿಕೊಂಡು, ಪೇಟೆಯಲ್ಲಿ ಫ್ರಿಜ್ಜು ರಿಪೇರಿಯ ಅಂಗಡಿ ಇಟ್ಟ. ಹೊರಡುವ ದಿವಸ ಏರ್‌ಪೋರ್ಟಿಗೆ ಬಿಟ್ಟವನು ನಾನು. ಇಷ್ಟೂ ದಿನದಲ್ಲಿ ಹೇಳಿಬಿಡಬೇಕೆಂದು ನನಗೆ ನೂರು ಸಲ ಅನಿಸಿತು, ನೂರು ಸಲವೂ ರೌಂಡ್‌ಎಬೌಟ್ ಬಂತು, ಸಿಗ್ನಲ್ ಬಂತು, ಏನಾದರೊಂದು ಬಂತು.

ಗುರುವಾರದ ಪಂಚಾಯ್ತಿಕೆ ಮಾತ್ರ ನಿಲ್ಲಲಿಲ್ಲ. ನಾನು ಬಾಯಿಗೆ ಬಂದ ಗ್ರೇಡು ಬರೆದು ಎದ್ದುಹೋಗುತ್ತಿದ್ದೆ. ಮ್ಯಾನೇಜರ್ ನನ್ನ ಕಣ್ಣು ಮಂಜಾಗಿದೆ ಎಂದು ತಮಾಷೆ ಮಾಡುತ್ತಿದ್ದರು. ಈ ಅಕ್ಟೋಬರಿನಲ್ಲಿ ಹಳೆಯ ಫೈಲು ಹೊರಗೆ ಬಂತು. ಮೂರು ವರ್ಷ ತುಂಬಿದ ಹಾಳೆಗಳ ಮರುತೀರ್ಪು. ನಾಲ್ಕೈದು ಟ್ರೇಡು ಮುಗಿದ ಮೇಲೆ ಅವರು ಇನ್ನೊಂದು ಹಾಳೆ ಇಟ್ಟರು. ಕೈಬರಹದ್ದು. ಒಂದು ಕಡೆ ಒಂದು ಹಳದಿ ಚೀಟಿ, ಇನ್ನೊಂದು ಕಡೆ ಎರಡು, ಬಣ್ಣ ಮಾಸಿದ್ದವು. ಕೆಳಗೆ ನನ್ನ ದುಂಡು ಅಕ್ಷರ.

“ಇದು ಸ್ಪೆಷಲ್” ಅಂದರು ಮ್ಯಾನೇಜರ್.

ನಮ್ಮ ಹೊಸ ಅಕೌಂಟೆಂಟು, ಬೆಂಗಳೂರಿನ ಹುಡುಗಿ, ಬಂದು ಆರು ತಿಂಗಳಾಗಿರಲಿಲ್ಲ, ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದಳು. “ಸರ್, ಇದು ಹಾಕಿ ಅಲ್ವಲ್ಲ, ಬೇರೆ ಏನೋ. ಆದ್ರೂ ಸೂಪರ್ ಟ್ರೇಡ್ ಸರ್. ಒಬ್ಬ ಓಲ್ಡ್ ಪ್ಲೇಯರ್ ಕೊಟ್ಟು ಇಬ್ಬರು ಯಂಗ್! ಅದೂ ಮಂಡಿ ಇಂಜುರಿ ಇರೋನು. ಆದ್ರೆ ಮೇಲೆ ಫಿಟ್ ಅಂತ ಇದ್ಯಲ್ಲ, ಇಂಜುರಿ ಯಾರ್ ಕಂಡುಹಿಡಿದಿದ್ದು?”

ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. “ನಮ್ಮ ಹಾಕಿ ಮ್ಯಾನ್. ಮೂರು ವರ್ಷದಲ್ಲಿ ಪ್ರೂವ್ ಆಯ್ತು. ಆ ಇಬ್ಬರು ಇವತ್ತಿಗೂ ನಮ್ಮ ಬೆಸ್ಟ್. ಇವನು ಊರಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡ. ಕ್ಲಿಯರ್ ವಿನ್. ಈಗ ಎಂತ ಕೊಡ್ತೀರಿ, ಎ ಪ್ಲಸ್ಸಾ?”

ಬೆನ್ನಿನ ಮೇಲೆ ಅವರ ಕೈಯ ಬಿಸಿ ಹಾಗೇ ಇತ್ತು. ನಾನು ಹಾಳೆ ಎತ್ತಿಕೊಂಡೆ. ಅಂಟು ಒಣಗಿಹೋಗಿತ್ತು, ಎತ್ತುವಾಗಲೇ ಚೀಟಿ ಕಳಚಿ ಚಹಾದ ಲೋಟದ ಪಕ್ಕಕ್ಕೆ ಬಿತ್ತು. ಅವನ ಹೆಸರು ಅಲ್ಲಿತ್ತು, ತಂದೆಯ ಹೆಸರಿನ ಸಮೇತ. ನಾನು ಗಟ್ಟಿಯಾಗಿ ಓದಿದೆ. ಬೆಂಗಳೂರಿನ ಹುಡುಗಿ, “ಯಾರ್ ಸರ್ ಇವ್ರು?” ಅಂದಳು.

“ಗ್ರೇಡ್ ಹೇಳಿ ಮಾರಾಯ್ರೆ” ಅಂದರು ಮ್ಯಾನೇಜರ್.

“ಕೊಡುದಿಲ್ಲ ಸರ್. ಇನ್ನು ನನ್ನನ್ನು ಇದಕ್ಕೆ ಕರೀಬೇಡಿ” ಅಂದೆ. ಮೂರು ವರ್ಷ ತಡವಾಗಿ ಬಂದ ಪೌರುಷ ಯಾರಿಗೆ ಬೇಕು? ಹೊರಗೆ ಬಂದು ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತೆ. ಎಸಿ ಹಾಕಲಿಲ್ಲ. ಊರಿಗೆ ಫೋನು ಮಾಡಿದೆ.

“ಎಂತ ಮಾರಾಯ, ಈ ಹೊತ್ತಿಗೆ? ಡ್ಯೂಟಿ ಇಲ್ವಾ?” ಅಂದ. ಹಿಂದಿನಿಂದ ಯಾವುದೋ ಫ್ರಿಜ್ಜಿನ ಕಂಪ್ರೆಸರ್ ಗುಂಯ್‌ಗುಡುವುದು ಕೇಳುತ್ತಿತ್ತು.

ನಾನು ಎಲ್ಲ ಹೇಳಿದೆ. ಹಾಳೆ, ಹಳದಿ ಚೀಟಿ, ಮೊಣಕಾಲು, ಎ. ಎಲ್ಲೂ ನಿಲ್ಲಿಸದೆ, ಕನ್ನಡದಲ್ಲಿ. ಮುಗಿದ ಮೇಲೆ ಅವನು ಏನಾದರೂ ಬೈಯಲಿ ಎಂದು ಕಾದೆ. ಅವನು ಕಂಪ್ರೆಸರ್ ಆಫ್ ಮಾಡಿದ.

“ನಂಗೆ ಗೊತ್ತಿತ್ತು” ಅಂದ.

“ಯಾವಾಗಿಂದ?”

“ಅವತ್ತೇ. ಸೈನ್ ಹಾಕ್ಸುವಾಗ ಅವರೇ ಹೇಳಿದ್ರು, ನಿಮ್ಮ ಬಲದ ಮೊಣಕಾಲು ಸರಿ ಇಲ್ವಂತಲ್ಲ ಅಂತ. ಅದನ್ನು ನಾನು ನಿಂಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ. ಹೆಂಡ್ತಿಗೂ ಹೇಳಿದ್ದು ಆಮೇಲೆ, ಆ ದಿವಸ ಮನೆಗೆ ಹೋಗಿ. ಯಾರ ಮೂಲಕ ಹೋಯ್ತು ಅಂತಲೂ ಹೇಳಿದೆ.”

“ಮತ್ತೆ ಐದು ತಿಂಗಳು ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ ನೀನು?”

“ಹೇಗೆ ಕೇಳುದು?” ಅಂದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಮಗಳಿಗೆ ಶಾಲೆಗೆ ಹೋಗ್ಲಿಕ್ಕೆ ಕಾರು ಬೇಕಿತ್ತಲ್ಲ.”

ಅಷ್ಟು ಹೇಳಿ, ಗಿರಾಕಿ ಬಂದಿದ್ದಾರೆ ಇಡ್ತೇನೆ ಅಂದು ಫೋನಿಟ್ಟ. ಅದಾದ ಮೇಲೆ ಅವನಾಗಿ ಫೋನು ಮಾಡಿಲ್ಲ. ನಾನು ಮಾಡಿದರೆ ಎತ್ತುತ್ತಾನೆ, ಮಳೆ ಉಂಟಾ ಅಂದರೆ ಉಂಟು ಅನ್ನುತ್ತಾನೆ.

ಆಫೀಸಿಗೆ ವಾಪಸು ಹೋಗುವ ಮೊದಲು ನಾನು ತುಂಬ ಹೊತ್ತು ಕಾರಿನಲ್ಲೇ ಕೂತಿದ್ದೆ. ನನಗೆ ನೆನಪಾಗುತ್ತಿದ್ದದ್ದು ಆ ಸ್ಟೀಲಿನ ಡಬ್ಬಿ. ಎಲ್ಲ ಗೊತ್ತಿದ್ದೇ ಆ ಹೆಂಗಸು ನಸುಕಿಗೆ ಎದ್ದು, ನನಗೋಸ್ಕರ ಹಿಟ್ಟು ಕಲಸಿ, ರೊಟ್ಟಿ ತಟ್ಟಿ, ಬಿಸಿ ಆರದ ಹಾಗೆ ಮುಚ್ಚಳ ಬಿಗಿದು ಮಗಳ ಕೈಯಲ್ಲಿ ಕಳಿಸುತ್ತಿದ್ದರು. ನಾನದನ್ನು ಪ್ರೀತಿ ಅಂದುಕೊಂಡು, ಶಾಲೆಯ ಗೋಡೆಯ ಬದಿಯಲ್ಲಿ ಬೆರಳು ನೆಕ್ಕಿ ತಿಂದಿದ್ದೆ.